ಜೋಡುಮಾರ್ಗದ ನೋಜಲ್ ಪೂವಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಳ್ತಂಗಡಿ ಕಡೆಯ ಮೊದಲ ಬಸ್ಸಿನ ಕ್ಲೀನರ್ ಗಾಜು ಒರೆಸುತ್ತಿದ್ದಾನೆ. ಬಂಟ್ವಾಳದ ಜೋಡುಮಾರ್ಗದಲ್ಲಿ, ರಸ್ತೆಗಿಂತ ತುಸು ತಗ್ಗಿನಲ್ಲಿರುವ ಹಂಚಿನ ಮನೆಯ ಜಗಲಿಯಲ್ಲಿ ಪೂವಮ್ಮ ಆಗಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಿದ್ದಾರೆ. ಅವರ ಮುಂದೆ ಮರದ ದಿಮ್ಮಿಗೆ ಬಿಗಿದ ಒಂದು ಕೈಪಂಪು. ಪಂಪಿನ ತುದಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ನೋಜಲ್. ಡೀಸೆಲ್ ಇಂಜಿನ್ನಿನೊಳಗೆ ಎಣ್ಣೆಯನ್ನು ಮಂಜಿನ ಹಾಗೆ ಸಿಡಿಸುವ ವಸ್ತು ಅದು.

ಗುಡ್ಡದ ಮೇಲಿಂದ ಮೊದಲ ಬಿಸಿಲು ಓರೆಯಾಗಿ ಜಗಲಿಗೆ ಬೀಳುವವರೆಗೆ ಅವರು ಕಾಯುತ್ತಾರೆ. ಬಿದ್ದದ್ದೇ ಪಂಪಿನ ಹಿಡಿಯನ್ನು ಒತ್ತುತ್ತಾರೆ. ಕಿರ್ರ್ ಎಂದು ನೋಜಲ್ ಕೂಗುತ್ತದೆ. ಬಿಸಿಲಿನಲ್ಲಿ ಎಣ್ಣೆಯ ಸಣ್ಣ ಮಂಜು ಹರಡಿ, ಎದುರಿಗಿಟ್ಟ ತಗಡಿನ ಡಬ್ಬಿಯೊಳಗೆ ಮಾಯವಾಗುತ್ತದೆ. ಇನ್ನೊಮ್ಮೆ ಒತ್ತುತ್ತಾರೆ. ಈ ಸಲ ಮಂಜಿನ ಒಂದು ಬದಿಯಲ್ಲಿ ಕೂದಲಿನಂಥ ಗೆರೆಯೊಂದು ಕಾಣುತ್ತದೆ. ಪೂವಮ್ಮ ತಲೆ ಅಲ್ಲಾಡಿಸಿ ನೋಜಲನ್ನು ಬಿಚ್ಚುತ್ತಾರೆ.

"ಈ ಹೊತ್ತಿನ ಬಿಸಿಲಿಗೆ ಯಾವುದೂ ಅಡಗುವುದಿಲ್ಲ," ಎನ್ನುತ್ತಾರೆ. "ಮಧ್ಯಾಹ್ನ ನೋಡಿದರೆ ಎಲ್ಲವೂ ಸರಿ ಉಂಟು ಅಂತಲೇ ಕಾಣ್ತದೆ. ಮತ್ತೆ ಘಾಟಿಯಲ್ಲಿ ಕಪ್ಪು ಹೊಗೆ ಬಿಟ್ಟು ಮರ್ಯಾದೆ ತೆಗೀತದೆ."

ನೋಜಲಿನೊಳಗೆ ಒಂದು ಸೂಜಿ ಇರುತ್ತದೆ. ಆ ಸೂಜಿಯ ತುದಿಯೂ ಅದು ಕೂರುವ ಜಾಗವೂ ಒಂದಕ್ಕೊಂದು ಅಂಟಿದಂತೆ ಹೊಂದಬೇಕು. ಕೂದಲೆಳೆಯಷ್ಟು ಸಂದು ಬಿಟ್ಟರೂ ಎಣ್ಣೆ ತೊಟ್ಟಿಕ್ಕುತ್ತದೆ, ಇಂಜಿನ್ ಕೆಮ್ಮುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ಪೂವಮ್ಮ ಸೂಜಿಯನ್ನು ಎಣ್ಣೆಯಲ್ಲಿ ತೊಳೆದು, ಅದರ ತುದಿಗೆ ನುಣ್ಣನೆಯ ಪೇಸ್ಟು ಸವರಿ, ಅದರ ಗೂಡಿನೊಳಗೇ ಇಟ್ಟು ಎರಡು ಬೆರಳಿನಲ್ಲಿ ತಿರುಗಿಸುತ್ತ ಉಜ್ಜುತ್ತಾರೆ. ಮತ್ತೆ ತೊಳೆಯುತ್ತಾರೆ. ಬಟ್ಟೆಯಿಂದ ಒರೆಸುವ ಹಾಗಿಲ್ಲ, ನೂಲಿನ ಒಂದು ಎಳೆ ಒಳಗೆ ಉಳಿದರೂ ಕೆಲಸ ಕೆಟ್ಟಿತು. ಕೊನೆಗೆ ಗೂಡನ್ನು ನೆಟ್ಟಗೆ ಹಿಡಿದು ಸೂಜಿಯನ್ನು ಅರ್ಧ ಮೇಲೆಳೆದು ಬಿಡುತ್ತಾರೆ. ಅದು ತನ್ನ ಭಾರಕ್ಕೆ ತಾನೇ, ಅವಸರವಿಲ್ಲದೆ, ಕೆಳಗಿಳಿದು ಕೂರಬೇಕು. ಕೂತಿತು. ಪೂವಮ್ಮನ ಮುಖ ಸಡಿಲವಾಗುತ್ತದೆ.

ಅಳದಂಗಡಿಯಲ್ಲಿ ಹುಟ್ಟಿ, ಗದ್ದೆ ಕೆಲಸ ಬಿಟ್ಟು ಬೇರೇನೂ ಕಾಣದೆ ಬೆಳೆದ ಈ ಹೆಂಗಸಿನ ಕೈಗೆ ಇಂಥ ಕೆಲಸ ಬಂದದ್ದು ಆಸೆಪಟ್ಟು ಅಲ್ಲ. ಪಕ್ಕದ ಬೆಂಚಿನಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಸವರುತ್ತಿರುವ ಗಂಡ ಲೋಕಯ್ಯನ ಬಲಗೈ ನೋಡಿದರೆ ಕಾರಣ ತಿಳಿಯುತ್ತದೆ. ಅದರಲ್ಲಿ ಎರಡು ಬೆರಳುಗಳಿಲ್ಲ. ಉಳಿದವು ಮಡಚುವುದಿಲ್ಲ.

ಲೋಕಯ್ಯ ಬಸ್ಸುಗಳ ವರ್ಕ್‌ಶಾಪ್ ಒಂದರಲ್ಲಿ ಫಿಟ್ಟರ್ ಆಗಿದ್ದವರು. ಐವತ್ತೊಂಬತ್ತನೇ ಇಸವಿಯ ಒಂದು ದಿನ ನೋಜಲ್ ಪರೀಕ್ಷಿಸುವಾಗ, ಎಣ್ಣೆ ಹೇಗೆ ಸಿಡಿಯುತ್ತದೆಂದು ನೋಡಲು ಅಂಗೈಯನ್ನು ಅಡ್ಡ ಹಿಡಿದರು. ಸಣ್ಣ ಮುಳ್ಳು ಚುಚ್ಚಿದಂತಾಯಿತು, ಅಷ್ಟೇ. ರಕ್ತವೂ ಬರಲಿಲ್ಲ. ನಗುತ್ತಲೇ ಮನೆಗೆ ಬಂದು ಉಂಡು ಮಲಗಿದರು. ಬೆಳಗಾಗುವಾಗ ಕೈ ಊದಿ ಕುಂಬಳಕಾಯಿಯಾಗಿತ್ತು. ಅಷ್ಟು ಒತ್ತಡದ ಎಣ್ಣೆ ಚರ್ಮವನ್ನು ತೂರಿ ಬೆರಳುಗಳವರೆಗೂ ಹರಡಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ಬೆರಳು ತೆಗೆದು ಕೈ ಉಳಿಸಿದರು.

"ಕೈ ಹೋದದ್ದಕ್ಕಿಂತ ಇವರು ಮಾತು ಬಿಟ್ಟದ್ದು ನನಗೆ ಹೆದರಿಕೆ ಆಯ್ತು," ಎಂದು ಪೂವಮ್ಮ ನೆನೆಯುತ್ತಾರೆ. "ರಸ್ತೆಯಲ್ಲಿ ಲಾರಿ ಹೋದರೆ ಕಿವಿ ಕೊಡುವುದು, ಯಾವುದೋ ಒಂದು ನೋಜಲ್ ಹೋಗಿದೆ ಅಂತ ಹೇಳುವುದು, ಮತ್ತೆ ಗೋಡೆ ನೋಡುವುದು. ಹೀಗೇ ಒಂದು ಮಳೆಗಾಲ ಹೋಯ್ತು. ಒಂದು ದಿನ ನಾನೇ ಹೇಳಿದೆ, ನಿಮ್ಮ ಕಿವಿ ಉಂಟು, ತಲೆ ಉಂಟು. ಇಲ್ಲದ್ದು ಕೈ ತಾನೇ? ನನ್ನದು ಎರಡು ಉಂಟಲ್ಲ!"

ಗುಜರಿಗೆ ಹೋದ ಲಾರಿಯ ಪಂಪು ತಂದು ಲೋಕಯ್ಯ ಎಡಗೈಯಲ್ಲೇ ಈ ಕೈಪಂಪನ್ನು ಕಟ್ಟಿದರು. ಅವರು ಹೇಳುವುದು, ಇವರು ಮಾಡುವುದು. ಮೊದಲ ಸೂಜಿಯನ್ನು ಪೂವಮ್ಮ ಉಜ್ಜಿ ಉಜ್ಜಿ ಕೆಡಿಸಿಯೇ ಬಿಟ್ಟರು.

"ಮಸಾಲೆ ಅರೆಯುವ ಹಾಗೆ ಅರೆದಳು ಮಾರಾಯ್ರೇ!" ಎಂದು ಲೋಕಯ್ಯ ಬೆಂಚಿನಿಂದ ಸೇರಿಸುತ್ತಾರೆ. "ನಾನು ಬೈದೆ. ಬೈದದ್ದಕ್ಕೆ ಇವಳು ನಕ್ಕಳು. ಮಾತು ಬಂತಲ್ಲ ಅಂತ."

ಆದರೆ ಹೆಂಗಸು ಮುಟ್ಟಿದ ನೋಜಲನ್ನು ಯಾವ ಡ್ರೈವರ್ ಇಂಜಿನ್ನಿಗೆ ಹಾಕಿಯಾನು? ಹಾಗಾಗಿ ಲೋಕಯ್ಯ ಜಗಲಿಯಲ್ಲಿ ಕೂತು ನೋಜಲ್ ತೆಗೆದುಕೊಳ್ಳುತ್ತಿದ್ದರು. ಪೂವಮ್ಮ ಒಳಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿ, ಕೆಲಸ ಮಾಡುತ್ತಿದ್ದರು. ಲೋಕಯ್ಯ ಎಡಗೈಯಲ್ಲೇ ಎಷ್ಟು ಚಂದ ಮಾಡುತ್ತಾರೆ ಎಂದು ಊರು ಹೊಗಳುತ್ತಿತ್ತು. ಹೊಗಳಿದಾಗಲೆಲ್ಲ ಲೋಕಯ್ಯ ತಲೆ ತಗ್ಗಿಸುತ್ತಿದ್ದರು. ಅದನ್ನು ಊರು ವಿನಯ ಎಂದುಕೊಂಡಿತು. ಗುಟ್ಟು ಹೊರಗೆ ಹೋಗಬಾರದೆಂದು ಹಟ ಹಿಡಿದವರು ಪೂವಮ್ಮನೇ.

ವರ್ಷಗಳು ಹೀಗೇ ಸಂದವು. ಅರವತ್ತಮೂರರ ಸೋಣ ತಿಂಗಳಿನ, ಮಳೆ ಇನ್ನೂ ಪೂರ್ತಿ ಬಿಡದ, ಒಂದು ಬೆಳಿಗ್ಗೆ ಮೂಡಬಿದ್ರೆಯ ಇಬ್ರಾಹಿಂ ಖಲೀಲ್ ತಮ್ಮ ಬಾಡಿಗೆ ಕಾರನ್ನು ಜಗಲಿಯ ಮುಂದೆ ತಂದು ನಿಲ್ಲಿಸಿದರು. ಎರಡನೇ ಮಹಾಯುದ್ಧಕ್ಕೂ ಮೊದಲಿನ ದೊಡ್ಡ ವಿಲಾಯತಿ ಕಾರು ಅದು. ಪೆಟ್ರೋಲಿನ ಖರ್ಚು ತಾಳದೆ ಹಳೆಯ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸಿದ್ದರು. ತಿಂಗಳ ಹಿಂದೆಯಷ್ಟೇ ಅದರ ನಾಲ್ಕೂ ನೋಜಲ್ ಇಲ್ಲಿ ರಿಪೇರಿಯಾಗಿದ್ದವು.

ಹಿಂದಿನ ದಿನ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕಾರು ಜೀವ ಕಳೆದುಕೊಂಡಿತ್ತು. ಜನ ತುಂಬಿದ್ದ ಕಾರು ಹಿಂದಕ್ಕೆ ಜಾರಿತು. ಯಾರೋ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಡದಿದ್ದರೆ ಕೆಳಗಿನ ಕಣಿವೆಯೇ ಗತಿಯಾಗಿತ್ತು. ಇಳಿದವರು ಮತ್ತೆ ಹತ್ತಲು ಒಪ್ಪದೆ ಮಕ್ಕಳನ್ನು ಎತ್ತಿಕೊಂಡು ನಡೆದೇ ಘಾಟಿ ಇಳಿದರು.

"ಇನ್ನು ಯಾರು ಕೂತುಕೊಳ್ತಾರೆ ನನ್ನ ಕಾರಿನಲ್ಲಿ?" ಇಬ್ರಾಹಿಂ ಖಲೀಲ್ ಜಗಲಿಯ ಕೆಳಗಿನಿಂದಲೇ ಕೂಗಿದರು. "ಆ ಕೈಯಲ್ಲಿ ನೀವು ಎಂಥ ಕೆಲಸ ಮಾಡುದು ಲೋಕಯ್ಯಣ್ಣ? ಆಗುವುದಿಲ್ಲ ಅಂತ ಹೇಳ್ಬಹುದಿತ್ತಲ್ಲ!"

ಬಾಗಿಲ ಹಿಂದೆ ಪೂವಮ್ಮನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ತಾನು ಕೆಡಿಸಿದ್ದಕ್ಕೆ ಗಂಡನ ಕೈಗೆ ಬೈಗಳವೇ? ಅಥವಾ ಕೆಡಿಸಿದ್ದೇ ತಾನೋ ಅಲ್ಲವೋ? ನೋಡದೆ ಹೇಗೆ ಹೇಳುವುದು? ನೋಡಬೇಕಾದರೆ ಹೊರಗೆ ಹೋಗಬೇಕು.

ಅಷ್ಟರಲ್ಲಿ ಲೋಕಯ್ಯನ ಮಾತು ಕೇಳಿಸಿತು. "ನಿಮ್ಮ ನೋಜಲನ್ನು ನನ್ನ ಕೈ ಮುಟ್ಟಲೇ ಇಲ್ಲ ಸಾಹೇಬ್ರೇ. ಇಷ್ಟು ವರ್ಷ ಮುಟ್ಟಿದ್ದೂ ಇಲ್ಲ." ಮತ್ತೆ ಒಳಗೆ ತಿರುಗಿ ಕೂಗಿದರು, "ಪೂವಮ್ಮಾ, ಹೊರಗೆ ಬಾ."

ಹೊರಗಿನವರೆದುರು ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಪೂವಮ್ಮ ಸ್ಪ್ಯಾನರ್ ಹಿಡಿದೇ ಹೊರಗೆ ಬಂದರು. ಬಾಯಿ ತೆರೆದು ನಿಂತ ಇಬ್ರಾಹಿಂ ಖಲೀಲರಿಗೆ, "ಇಂಜಿನ್ ಸ್ಟಾರ್ಟ್ ಮಾಡಿ ಸಾಹೇಬ್ರೇ," ಎಂದರು. ಇಂಜಿನ್ ಕುಂಟುತ್ತ ಓಡತೊಡಗಿತು. ಮುಖ ಬದಿಗೆ ಸರಿಸಿ, ಮೊದಲ ನೋಜಲಿಗೆ ಹೋಗುವ ಪೈಪಿನ ನಟ್ಟನ್ನು ತುಸು ಸಡಿಲಿಸಿದರು. ಇಂಜಿನ್ ಇನ್ನಷ್ಟು ತಡವರಿಸಿತು. ಹಾಗಾದರೆ ಅದು ಕೆಲಸ ಮಾಡುತ್ತಿತ್ತು. ಬಿಗಿದರು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಸಡಿಲಿಸಿದಾಗ ಇಂಜಿನ್ನಿನ ದನಿ ಬದಲಾಗಲೇ ಇಲ್ಲ. ನಾಲ್ಕನೆಯದು ಸರಿ ಇತ್ತು. ಪೂವಮ್ಮ ಗಂಡನ ಕಡೆ ನೋಡಿದರು. ನೀನೇ ಹೇಳು ಎಂಬಂತೆ ಲೋಕಯ್ಯ ಗದ್ದವೆತ್ತಿದರು.

"ಮೂರನೆಯದು ಸತ್ತಿದೆ," ಎಂದರು ಪೂವಮ್ಮ.

ಬಿಚ್ಚಿ ನೋಡಿದರೆ ಸೂಜಿ ಗೂಡಿನೊಳಗೆ ಕಚ್ಚಿಕೊಂಡಿತ್ತು. ಅದರ ಮೈಮೇಲೆ ಕೆಂಪು ಕಲೆ. ಮಸಿಯಲ್ಲ, ತುಕ್ಕು. ಉಕ್ಕಿಗೆ ತುಕ್ಕು ಹಿಡಿಯಬೇಕಾದರೆ ನೀರು ಬೇಕು. ಪೂವಮ್ಮ ಫಿಲ್ಟರಿನ ಅಡಿಯ ಎಣ್ಣೆಯನ್ನು ಗಾಜಿನ ಲೋಟಕ್ಕೆ ಇಳಿಸಿ ಬಿಸಿಲಿಗೆ ಹಿಡಿದರು. ಮೇಲೆ ಎಣ್ಣೆ, ಕೆಳಗೆ ನೀರು.

"ಎಣ್ಣೆ ಎಲ್ಲಿಂದ ಹಾಕ್ತೀರಿ?"

"ಮಳೆಗಾಲದಲ್ಲಿ ಸಿಗದೆ ಹೋದರೆ ಅಂತ... ಡ್ರಮ್ಮಿನಲ್ಲಿ ಇಟ್ಟಿದ್ದೇನೆ. ಹಿತ್ತಲಲ್ಲಿ, ಮಾಡಿನ ಅಂಚಿನ ಕೆಳಗೆ." ಇಬ್ರಾಹಿಂ ಖಲೀಲರ ದನಿ ಇಳಿದುಹೋಗಿತ್ತು. ಸೂರಿನಿಂದ ಇಳಿಯುವ ಮಳೆನೀರು ಡ್ರಮ್ಮಿನ ಮೇಲೇ ಸುರಿಯುತ್ತಿದ್ದುದು ಅವರಿಗೆ ಈಗ ಹೊಳೆದಿತ್ತು.

"ನಾನು ಅದನ್ನು ಮೊದಲೇ ಕೇಳ್ಬೇಕಿತ್ತು," ಎಂದರು ಪೂವಮ್ಮ. "ಆದರೆ ನಾನು ಒಳಗಿದ್ದೆ. ಒಳಗಿದ್ದವಳು ಯಾರ ಹತ್ತಿರ ಕೇಳುದು?"

ಅಂದು ಜಗಲಿಗೆ ಬಂದ ಕೈಪಂಪು ಮತ್ತೆ ಒಳಗೆ ಹೋಗಲಿಲ್ಲ. ಕಚ್ಚಿಕೊಂಡ ಸೂಜಿಯನ್ನು ಎಣ್ಣೆಯಲ್ಲಿ ನೆನೆಸಿ ಮೆಲ್ಲನೆ ಬಿಡಿಸಿ, ಉಜ್ಜಿ, ಬೆಳಗಿನ ಬಿಸಿಲಿಗೆ ಕಾದು ಪರೀಕ್ಷಿಸಿ, ಟ್ಯಾಂಕು ತೊಳೆಸಿ, ಪೈಪಿನೊಳಗಿನ ಗಾಳಿ ತೆಗೆದು ಕೂರಿಸುವಾಗ ಮರುದಿನ ಮಧ್ಯಾಹ್ನವಾಯಿತು.

"ಘಾಟಿ ಹತ್ತುತ್ತದಾ ಪೂವಕ್ಕ?"

"ಹತ್ತುತ್ತದೆ."

"ಹಾಗಾದ್ರೆ ನೀವು ಕೂತುಕೊಳ್ತೀರಾ?"

ಇಬ್ರಾಹಿಂ ಖಲೀಲ್ ಅದನ್ನು ಸವಾಲಾಗಿ ಕೇಳಲಿಲ್ಲ. ಅವರಿಗೆ ಒಬ್ಬರೇ ಹೋಗಲು ಭಯವಿತ್ತು. ಎಷ್ಟೋ ಬಸ್ಸು ಲಾರಿಗಳ ನೋಜಲನ್ನು ಘಾಟಿಗೆ ಕಳಿಸಿದ್ದ ಪೂವಮ್ಮ ಘಾಟಿಯನ್ನು ಕಂಡೇ ಇರಲಿಲ್ಲ. ಗಂಡನ ಮುಖ ನೋಡಿದರು. "ಹೋಗುವ," ಎಂದು ಲೋಕಯ್ಯ ಎದ್ದೇ ಬಿಟ್ಟರು.

ಚಾರ್ಮಾಡಿ ಊರು ದಾಟಿ ಏರು ಶುರುವಾಯಿತು. ಒಂದು ಬದಿಗೆ ಬಂಡೆಯ ಮೇಲಿಂದ ನೀರು ಧುಮುಕುತ್ತಿತ್ತು, ಇನ್ನೊಂದು ಬದಿಗೆ ಕಾಡಿನ ಆಳ. ಹಿಂದಿನ ಸೀಟಿನಲ್ಲಿದ್ದ ಪೂವಮ್ಮ ಅದ್ಯಾವುದನ್ನೂ ನೋಡಲಿಲ್ಲ. ಮೊಣಕಾಲೂರಿ ಹಿಂದಕ್ಕೆ ತಿರುಗಿ, ಹಿಂಬದಿಯ ಗಾಜಿಗೆ ಹಣೆ ಒತ್ತಿ, ಹೊಗೆಯನ್ನೇ ನೋಡುತ್ತಿದ್ದರು. ಕಾರು ಜಾರಿದ್ದ ತಿರುವು ಬಂತು. ಚಕ್ರಕ್ಕೆ ಕೊಟ್ಟಿದ್ದ ಕಲ್ಲು ಇನ್ನೂ ರಸ್ತೆಯಲ್ಲೇ ಬಿದ್ದಿತ್ತು. ಇಬ್ರಾಹಿಂ ಖಲೀಲ್ ಗೇರ್ ಇಳಿಸಿದರು. ಇಂಜಿನ್ ಒಮ್ಮೆ ಗಂಟಲು ಸರಿಮಾಡಿಕೊಂಡಂತೆ ಗುಡುಗಿ, ಒಂದೇ ಸಮನೆ ಎಳೆಯತೊಡಗಿತು. ಕಲ್ಲು ಕೆಳಗೆ ಉಳಿಯಿತು. ಹಿಂದೆ ತೆಳ್ಳನೆಯ ಬೂದು ಹೊಗೆ, ನೋಡುವಷ್ಟರಲ್ಲಿ ಗಾಳಿಗೆ ಕರಗಿ ಹೋಗುವಂಥದ್ದು.

"ಕೇಳ್ತದಾ?" ಎಂದರು ಮುಂದಿನ ಸೀಟಿನಿಂದ ಲೋಕಯ್ಯ. "ನಾಲ್ಕೂ ಮಾತಾಡ್ತಾ ಉಂಟು."

ಪೂವಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ನನಗೆ ಅಳು ಬಂತು," ಎಂದು ಈಗ ಒಪ್ಪಿಕೊಳ್ಳುತ್ತಾರೆ. "ಎಷ್ಟು ಜನರಿಗೆ ಮಾಡಿ ಕೊಟ್ಟಿದ್ದೆ. ಅದು ಭಾರ ಹೊತ್ತು ಏರು ಹತ್ತುವಾಗ ಹೇಗೆ ಕೇಳ್ತದೆ ಅಂತ ಗೊತ್ತೇ ಇರ್ಲಿಲ್ಲ ನನಗೆ."

ಕೊಟ್ಟಿಗೆಹಾರದಲ್ಲಿ ಚಹಾ ಕುಡಿಯುವಾಗ, ಕಾರು ಕೆಟ್ಟಿದ್ದನ್ನು ಕಂಡಿದ್ದ ಲಾರಿ ಡ್ರೈವರ್ ಒಬ್ಬ ಬಂದು, ಯಾರು ಸರಿ ಮಾಡಿದ್ದೆಂದು ಕೇಳಿದ. ಇಬ್ರಾಹಿಂ ಖಲೀಲ್ ಹೋಟೆಲಿಗೆಲ್ಲ ಕೇಳುವ ಹಾಗೆ ಹೇಳಿದರು, "ಇವರು! ನಮ್ಮ ಜೋಡುಮಾರ್ಗದ ಪೂವಕ್ಕ!"

ಸುದ್ದಿ ಘಾಟಿ ಇಳಿಯಲು ತಡವಾಗಲಿಲ್ಲ. ಕೆಲವರು ಬರುವುದನ್ನು ನಿಲ್ಲಿಸಿದರು. ಅವರಲ್ಲಿ ಹೆಚ್ಚಿನವರು ಇಂಜಿನ್ ಕೆಮ್ಮಲು ಶುರುವಾದಾಗ ಹಿಂದೆ ಬಂದರು. ಈಗ ಪುಂಜಾಲಕಟ್ಟೆ, ಸಿದ್ದಕಟ್ಟೆ, ಬೆಳ್ತಂಗಡಿಯಿಂದ ಬಸ್ಸಿನವರು ನೋಜಲುಗಳನ್ನು ಹಾಳೆಯಲ್ಲಿ ಸುತ್ತಿ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಾರೆ. ನೆರಿಯದ ಕಾಡಿನಿಂದ ಮರ ಸಾಗಿಸುವ ಲಾರಿಗಳು ಇಲ್ಲೇ ಬಂದು ನಿಲ್ಲುತ್ತವೆ. ಬಂದವರಿಗೆ ಪೂವಮ್ಮನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಎಣ್ಣೆ ಎಲ್ಲಿಂದ ಹಾಕ್ತೀರಿ? ಎರಡನೆಯದು ಮಾತ್ರ ಪ್ರಶ್ನೆಯಲ್ಲ, ಅಪ್ಪಣೆ: ಪಂಪಿನ ಎದುರಿಗೆ ಕೈ ಚಾಚಬೇಡಿ.

ಗಂಡ ಹೆಂಡತಿಗೆ ದಿನವೂ ಒಂದು ಜಗಳ ಇದ್ದೇ ಇರುತ್ತದೆ. ರಸ್ತೆಯಲ್ಲಿ ಹೋಗುವ ಬಸ್ಸಿನ ಸದ್ದು ಕೇಳಿ ಲೋಕಯ್ಯ ಕೆಟ್ಟದ್ದು ಎರಡನೆಯದು ಎನ್ನುತ್ತಾರೆ, ಪೂವಮ್ಮ ನಾಲ್ಕನೆಯದು ಎನ್ನುತ್ತಾರೆ. ಬಸ್ಸು ಹಿಂದೆ ಬಂದಾಗ ನಟ್ಟು ಸಡಿಲಿಸಿ ನೋಡುವವರೆಗೆ ಇಬ್ಬರೂ ಬಿಟ್ಟುಕೊಡುವುದಿಲ್ಲ.

"ನಾನು ಹೇಳಿಕೊಟ್ಟದ್ದು ಕೈಗೆ," ಎನ್ನುತ್ತಾರೆ ಲೋಕಯ್ಯ. "ಕಿವಿ ಇವಳು ತಾನೇ ಮಾಡಿಕೊಂಡಳು. ಈಗ ನನ್ನ ಕಿವಿಯನ್ನೂ ಸೋಲಿಸ್ತಾಳೆ." ಹೇಳುವಾಗ ಅವರ ಮುಖದಲ್ಲಿ ಸೋತವನ ಕಳೆ ಕಾಣುವುದಿಲ್ಲ.

ಬಿಸಿಲು ಏರುತ್ತಿದೆ. ಇನ್ನು ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಪೂವಮ್ಮ ಮೊದಲು ಕೈಯ ಕೆಲಸ ಮುಗಿಸುತ್ತಾರೆ. ಉಜ್ಜಿ ಮುಗಿದ ನೋಜಲನ್ನು ಪಂಪಿಗೆ ಬಿಗಿಯುತ್ತಾರೆ.

"ನನ್ನ ಕೈಗೆ ಬರುವುದೆಲ್ಲ ಕೆಟ್ಟು ಹೋದದ್ದೇ. ಹೊಸತನ್ನು ನಾನು ನೋಡಿಯೇ ಇಲ್ಲ," ಎನ್ನುತ್ತಾರೆ. "ಫ್ಯಾಕ್ಟರಿಯಿಂದ ಬಂದ ಹೊಸ ನೋಜಲ್ ಒಂದನ್ನು ಪೆಟ್ಟಿಗೆಯಿಂದ ತೆಗೆದು ಈ ಪಂಪಿಗೆ ಹಾಕಿ ನೋಡ್ಬೇಕು. ಒಮ್ಮೆ ಸಾಕು."

ಹಿಡಿಯನ್ನು ಒತ್ತುತ್ತಾರೆ. ಮಂಜು ಹರಡುತ್ತದೆ, ಗೆರೆಯಿಲ್ಲ, ಹನಿಯಿಲ್ಲ.

"ಅದು ನಮ್ಮದರಷ್ಟು ಚಂದ ಸಿಡೀತದಾ ಅಂತ."