ಕೆಂಪಿಯನ್ನು ದಾಖಲು ಮಾಡಿಸಲು ಲಿಂಗಸುಗೂರಿಗೆ

ಪಾಮನಕಲ್ಲೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟವರು ನಾನು, ನನ್ನ ಮೈದುನ ಬಸಣ್ಣ ಮತ್ತು ನಮ್ಮ ಬೇಟೆ ನಾಯಿ ಕೆಂಪಿ. ಮಕ್ಕಳೇ, ಇದು ಹದಿನೈದು ವರ್ಷದ ಹಿಂದಿನ ಮಾತು. ಆಗ ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ಲಿಂಗಸುಗೂರಿನಲ್ಲಿ ಮುಧೋಳ ತಳಿಯ ನಾಯಿಗಳನ್ನು ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆಂದು ಬಸಣ್ಣ ಕೇಳಿಕೊಂಡು ಬಂದಿದ್ದ. ಹಾಗೆ ಬರೆಸಿದ ನಾಯಿಯ ಮರಿಗಳನ್ನಷ್ಟೇ ಮುಂದೆ ಜಾತಿ ನಾಯಿ ಎನ್ನುವರಂತೆ. ಮರಿ ಹುಟ್ಟಿದ್ದನ್ನು ಕಂಡವರು ಬಂದು ಸಹಿ ಹಾಕಬೇಕಿತ್ತು. ಕಂಡವಳು ನಾನೊಬ್ಬಳೇ.

ಮಸ್ಕಿಯಲ್ಲಿ ಇಳಿದು ಸಿಂಧನೂರು ಕಡೆಯಿಂದ ಬರುವ ಬಸ್ಸಿಗಾಗಿ ಒಂದು ತಾಸು ಕಾದೆವು. ಬಿಸಿಲು ಆಗಲೇ ಏರಿತ್ತು. ಬಸ್ಸು ಬಂದಾಗ ಕಂಡಕ್ಟರ್ ಕೆಂಪಿಯನ್ನು ಮೇಲಿಂದ ಕೆಳಗೆ ನೋಡಿ, "ಇದಕ್ಕ ಕೂಳು ಹಾಕಂಗಿಲ್ಲೇನ್ರಿ? ಎಲುಬು ಎಣಸಬಹುದು" ಎಂದ.

"ಎಣಸ್ರಿ. ಅಲ್ಲಿ ಅಳತಿ ಮಾಡೋರೂ ಅದನ್ನ ಎಣಸ್ತಾರ" ಎಂದ ಬಸಣ್ಣ.

ಕೆಂಪಿಗೂ ಅರ್ಧ ಟಿಕೆಟ್ ಹರಿದರು. ಮೂವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆಯ ದಾರಿ. ದಾರಿಯುದ್ದಕ್ಕೂ ಅದು ನನ್ನ ಪಾದದ ಮೇಲೆ ಮೂತಿ ಇಟ್ಟು ಮಲಗಿತ್ತು. ಸಹಿಯದೇ ಚಿಂತೆಯಲ್ಲಿ ನನಗೆ ಕಿಟಕಿಯಾಚೆ ನೋಡಿದ್ದು ನೆನಪಿಲ್ಲ.

ಕಾರಣ ಇದು. ನಮ್ಮ ಮನೆಯ ಮುಧೋಳ ನಾಯಿ ಗೌರಿ ನಾಲ್ಕು ಮರಿ ಹಾಕಿದ ವಾರದಲ್ಲೇ ಪಕ್ಕದ ಮನೆಯ ನಾಯಿ ಮೂರು ಮರಿ ಹಾಕಿ ಸತ್ತಿತು. ಅದು ಬೆರಕೆ ನಾಯಿ. ಆ ಮೂರನ್ನೂ ಗೌರಿಯ ಹಾಲಿಗೆ ಬಿಟ್ಟೆವು. ಏಳೂ ಕೆಂಪು ಮರಿಗಳೇ. ಗುರುತಿಗೆಂದು ಪಕ್ಕದ ಮನೆಯವಕ್ಕೆ ಕೆಂಪು ದಾರ ಕಟ್ಟಿದ್ದೆ. ಅಮಾವಾಸ್ಯೆ ಬಂತು. ದೃಷ್ಟಿ ತಾಗಬಾರದೆಂದು ಹಳೆಯ ದಾರ ಕತ್ತರಿಸಿ, ಏಳಕ್ಕೂ ಕರಿ ದಾರ ಕಟ್ಟಿಬಿಟ್ಟೆ. ಕೊನೆಯ ಗಂಟು ಹಾಕಿದ ಮೇಲೆ ಮಾಡಿದ ತಪ್ಪು ಹೊಳೆಯಿತು. ಅತ್ತೆಗೆ ಹೆದರಿ ಯಾರಿಗೂ ಹೇಳಲಿಲ್ಲ. ಅಂದಾಜಿನ ಮೇಲೆ ಮೂರು ಮರಿ ಪಕ್ಕದ ಮನೆಗೆ ಕೊಟ್ಟೆ. ಉಳಿದವುಗಳಲ್ಲಿ ಕೆಂಪಿ ಒಂದು.

ಲಿಂಗಸುಗೂರಿನ ಶಾಲೆಯೊಂದರ ಬಯಲಿನಲ್ಲಿ ಬೇವಿನ ಮರದ ಕೆಳಗೆ ಮೇಜು ಹಾಕಿದ್ದರು. ಮುದಗಲ್, ಬಳಗಾನೂರು ಕಡೆಯಿಂದಲೂ ನಾಯಿಗಳು ಬಂದಿದ್ದವು. ಹೆಂಗಸು ನಾನೊಬ್ಬಳೇ; ಸೆರಗು ಎಳೆದುಕೊಂಡು ಬಸಣ್ಣನ ಹಿಂದೆ ನಿಂತೆ. ಪಶು ಡಾಕ್ಟರು ಪಟ್ಟಿ ಹಿಡಿದು ಕೆಂಪಿಯ ಹೆಗಲಿನ ಎತ್ತರ ಅಳೆದರು. ಸೊಂಟದ ಎಲುಬುಗಳ ನಡುವೆ ಬೆರಳು ಇಟ್ಟು ನೋಡಿದರು. ತಲೆ, ಎದೆಯ ಆಳ, ಬಾಲ ಎಲ್ಲ ಬರೆಸಿದರು. ಅಳತೆ ಸರಿಯಾಗಿದೆ ಎಂದರು. ಬಸಣ್ಣನ ಮುಖ ಅರಳಿತು.

ಆಮೇಲೆ ತಾಯಿಯ ಹೆಸರು ಕೇಳಿದರು. ಬಸಣ್ಣ ಗೌರಿ ಎಂದ. ಡಾಕ್ಟರು ಪೆನ್ನನ್ನು ನನ್ನ ಕಡೆ ಚಾಚಿದರು. ನಾನು ಹಿಡಿಯಲಿಲ್ಲ.

"ಏನ್ ಯೋಚನಿ ಮಾಡಾಕತ್ತೀರಿ ವೈನಿ? ಸಹಿ ಮಾಡ್ರಿ" ಎಂದ ಬಸಣ್ಣ.

"ಗೌರಿ ಹಾಲು ಕುಡಿಸ್ಯಾಳ, ಅಷ್ಟು ಖರೆ. ಹಡದಾಕಿ ಯಾರಂತ ನನಗ ಗೊತ್ತಿಲ್ರೀ" ಎಂದೆ. ದಾರದ ಕಥೆಯನ್ನೂ ಹೇಳಿದೆ. ಅಷ್ಟು ಗಂಡಸರ ಮುಂದೆ ಅಷ್ಟು ಮಾತು ನಾನು ಎಂದೂ ಆಡಿರಲಿಲ್ಲ. ಹಿಂದೆ ಯಾರೋ ನಕ್ಕರು.

ಡಾಕ್ಟರು ನಗಲಿಲ್ಲ. ಆ ಪುಸ್ತಕ ಮುಚ್ಚಿ ಇನ್ನೊಂದು ತೆಗೆದರು. ತಂದೆತಾಯಿ ಗೊತ್ತಿಲ್ಲದೆ ಅಳತೆಗೆ ಮಾತ್ರ ಹೊಂದುವ ನಾಯಿಗಳನ್ನು ಇದರಲ್ಲಿ ಬರೆಯುತ್ತೇವೆ, ಇದನ್ನೂ ಸೇರಿಸಿ ಇದರ ಸಂತತಿಯನ್ನು ಮೂರು ತಲೆಯವರೆಗೆ ಅಳೆಸಿ ಬರೆಸಿದರೆ ನಾಲ್ಕನೆಯದು ದೊಡ್ಡ ಪುಸ್ತಕಕ್ಕೆ ಬರುತ್ತದೆ ಎಂದರು. ತಾಯಿಯ ಜಾಗದಲ್ಲಿ ಗೆರೆ ಎಳೆದರು. ನಾನು ಅದರ ಕೆಳಗೆ ಸಹಿ ಮಾಡಿದೆ.

ತಿರುಗಿ ಬರುವಾಗ ಮಸ್ಕಿಯಲ್ಲಿ ಇಳಿದೆವು. ಬಸ್ ನಿಲ್ದಾಣದಲ್ಲಿ ಬಸಣ್ಣ ಮಂಡಾಳ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬಂದ. ಬುತ್ತಿಯಲ್ಲಿ ಉಳಿದ ರೊಟ್ಟಿಯನ್ನು ಕೆಂಪಿಗೆ ಮುರಿದು ಹಾಕುತ್ತ, "ನಾಕನೇ ತಲಿ ಬರೂತನ ನಾ ಇರ್ತೀನೇನು ವೈನಿ?" ಎಂದು ಕೇಳಿದ.

"ಬರಿಯೋರು ಇರ್ತಾರ" ಎಂದೆ.

ಬಸಣ್ಣ ಈಗಿಲ್ಲ. ಕೆಂಪಿಯ ಮಗಳನ್ನೂ ಮೊಮ್ಮಗಳನ್ನೂ ನಾನೇ ಕರೆದೊಯ್ದು ಬರೆಸಿದೆ. ಹೋದ ವಾರ ಆ ಮೊಮ್ಮಗಳು ಐದು ಮರಿ ಹಾಕಿದ್ದಾಳೆ. ಅವೇ ನಾಲ್ಕನೆಯ ತಲೆ. ಬರುವ ಅಮಾವಾಸ್ಯೆಗೆ ನೀವು ಇಲ್ಲೇ ಇರುತ್ತೀರಿ. ದಾರ ಕಟ್ಟುವ ಮೊದಲು ನನ್ನನ್ನು ಕರೆಯಿರಿ.