ತುಂಬಿದ ಕೆರೆಯ ಅಂಚು

ಬೇಲಿಯಾಚೆ ನಗೆಕೂಟದವರು ಹಹ್ಹಹ್ಹಾ ಎಂದು ಶುರುಮಾಡಿದರೆ ಆರೂವರೆ ಆಯಿತೆಂದೇ ಲೆಕ್ಕ. ಸಾರಕ್ಕಿಯ ಹಳೇ ಊರಿನ ಅಂಕಮ್ಮ ಮಾರ್ಕೆಟ್ಟಿಗೆ ಒಯ್ಯುವ ದಂಟಿನ ಸೊಪ್ಪನ್ನು ಕಟ್ಟು ಕಟ್ಟುತ್ತಾ ದಿನವೂ ಆ ನಗು ಕೇಳುತ್ತಿದ್ದಳು. ಈ ವಾರ ಮಾತ್ರ ಅದು ತನ್ನನ್ನು ನೋಡಿಯೇ ನಕ್ಕಂತಿತ್ತು.

ಕಾರಣ, ವಾರಗಿತ್ತಿ ಲತಾಮಣಿ. ಕೆರೆಯ ದಡಕ್ಕೊಂದು ಯೋಜನೆ ತಯಾರಿಸಲು ಸರ್ಕಾರ ಅನುದಾನ ಕೊಟ್ಟಿತ್ತು. ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ, ತಡೆಗೋಡೆ ಎಲ್ಲಿ ಬೇಕು, ಎಲ್ಲವೂ ನಕ್ಷೆಯಾಗಬೇಕು. ಸಮಿತಿಯಲ್ಲಿ ಊರಿನವರೊಬ್ಬರು ಇರಲೇಬೇಕು. ಆ ಒಂದು ಜಾಗ ಲತಾಮಣಿಗೆ ಸಿಕ್ಕಿತು, ಕೊರಳಿಗೊಂದು ಕಾರ್ಡೂ ಬಂತು. ಅದನ್ನು ಹಾಕಿಕೊಂಡೇ ಅವಳು ಹಾಲು ತರಲು ಹೋಗುತ್ತಿದ್ದಳು.

ಮಾವ ಬೈಲಪ್ಪ ಈ ಕೆರೆಯ ಕೊನೆಯ ನೀರುಗಂಟಿ. ತೂಬು ತೆಗೆದು ಮುಚ್ಚುವುದು ಅವರ ಕೆಲಸ. ಕಣ್ಣು ಮಂಜಾದ ಮೇಲೆ ಅವರ ಕೈ ಹಿಡಿದು ಏರಿಯ ಮೇಲೆ ನಡೆಸಿದವಳು ಅಂಕಮ್ಮ. ಲತಾಮಣಿ ಸೊಸೆಯಾಗಿ ಬಂದದ್ದು ಅವರು ತೀರಿಕೊಂಡ ಮೇಲೆ. "ಅವಳಿಗೇನ್ ಗೊತ್ತು ಕೆರೆ? ಮೊಬೈಲಲ್ಲಿ ಫೋಟೋ ಹೊಡ್ಯೋದು ಗೊತ್ತು," ಎಂದು ಅಂಕಮ್ಮ ಸೊಪ್ಪು ಕೊಯ್ಯುವ ಕುಡುಗೋಲಿಗೂ ಹೇಳಿದ್ದಳು.

ಆ ಬೆಳಿಗ್ಗೆ ಇಂಜಿನಿಯರ್ ಶೃತಿ ಗೂಟ, ಟೇಪು ಹಿಡಿಸಿಕೊಂಡು ಬಂದರು. ಅಂಕಮ್ಮ ಬುಟ್ಟಿ ಇಳಿಸಿ ದೂರ ನಿಂತಳು. ಲತಾಮಣಿ ಕುಂಕುಮ ಹಚ್ಚಿದ ಕಲ್ಲೊಂದನ್ನು ತೋರಿಸಿದಳು.

"ಇಲ್ಲೀವರೆಗೆ ಮೇಡಂ. ಕೆರೆ ಕೋಡಿ ಬಿದ್ದ ವರ್ಷ ನೀರು ಮುಟ್ಟಿದ ಕಡೆ ಗಂಗಮ್ಮನ ಕಲ್ಲು ನಿಲ್ಸೋದು ನಮ್ಮೂರ ಪದ್ಧತಿ."

ಪದ್ಧತಿ ನಿಜ. ಕಲ್ಲು ಮಾತ್ರ ಅಲ್ಲಿಯದಲ್ಲ. ಹಿಂದೆ ಊರೊಳಗಿನ ಗಲ್ಲಿಗೆ ಕಾಂಕ್ರೀಟು ಹಾಕುವಾಗ, ಅಲ್ಲಿದ್ದ ಕಲ್ಲು ಅದರಡಿ ಹೂತುಹೋದೀತೆಂದು ಅಂಕಮ್ಮನೇ ಅದನ್ನು ಸೊಂಟದ ಮೇಲೆ ಹೊತ್ತು ತಂದು ನೀರಿನ ಹತ್ತಿರ ಇಟ್ಟಿದ್ದಳು. ಆಗ ಕಂಡವರೆಲ್ಲ ಮನೆ ಮಾರಿ ಹೋಗಿದ್ದಾರೆ. ಇಲ್ಲಿಂದ ಗೆರೆ ಎಳೆದರೆ ಇಡೀ ಗಲ್ಲಿ ನೀರು ಬರುವ ಜಾಗದ ನಕ್ಷೆಯಿಂದ ಆಚೆ ಉಳಿಯುತ್ತದೆ, ಅಲ್ಲಿಗೆ ತಡೆಗೋಡೆ ಬರುವುದಿಲ್ಲ.

ಹೊಡೀಲಿ ಗೂಟ, ಎಂದುಕೊಂಡಳು ಅಂಕಮ್ಮ. ಮಳೆ ಬರಲಿ. ಮನೆಗೆ ನೀರು ನುಗ್ಗಿದಾಗ ಗಲ್ಲಿಯವರೆಲ್ಲ ಅವಳನ್ನೇ ಕೇಳಲಿ. ಎದೆ ತಣ್ಣಗಾಯಿತು. ತನ್ನ ಮನೆಯೂ ಆ ಗಲ್ಲಿಯಲ್ಲೇ ಇದೆಯೆಂಬುದು ಆ ಗಳಿಗೆಯಲ್ಲಿ ಅವಳಿಗೆ ಬೇಕಿರಲಿಲ್ಲ.

ಗೂಟ ಇಳಿಯಿತು. ಶೃತಿ ಪುಸ್ತಕ ಬಿಡಿಸಿ, ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಬರೆದರು: "ಗುರುತು ತೋರಿಸಿದವರು, ಲತಾಮಣಿ. ನೀರುಗಂಟಿ ಬೈಲಪ್ಪನವರ ಸೊಸೆ."

"ಯಾವ ಸೊಸೆ?" ಅಂಕಮ್ಮನ ದನಿ ಅವಳಿಗೇ ಜೋರೆನಿಸಿತು. "ಆ ಕಲ್ಲು ಅಲ್ಲಿಗೆ ತಂದಿಟ್ಟಿದ್ದು ನಾನು. ಕೀಳಿ ಗೂಟಾನ."

ಲತಾಮಣಿಯ ಮುಖ ಕೆಂಪಾಯಿತು. "ಮೊದ್ಲೇ ಹೇಳೋಕೇನಾಗಿತ್ತು ಅಕ್ಕಾ? ಎಲ್ರ ಮುಂದೆ ಮರ್ಯಾದೆ ತೆಗೀಬೇಕಿತ್ತಾ?"

"ನೀನು ಕೇಳಿದ್ಯೇನೇ? ಕಾರ್ಡು ಬಂದ್ಮೇಲೆ ನೀನ್ಯಾರನ್ನ ಕೇಳ್ತೀಯ!"

"ಆಂಟಿ, ಜಗಳ ಆಮೇಲೆ," ಎಂದರು ಶೃತಿ. "ಮೊದಲು ಕಲ್ಲು ಎಲ್ಲಿತ್ತು?"

"ಮೊದ್ಲು ಆ ಹೆಸರು ಹೊಡ್ದಾಕಿ."

ಶೃತಿ ಲತಾಮಣಿಯ ಕಡೆ ಒಮ್ಮೆ ನೋಡಿ, ಹೊಡೆದುಹಾಕಿದರು.

ಅಂಕಮ್ಮ ಸೆರಗು ಸಿಕ್ಕಿಸಿಕೊಂಡಳು. "ಅಂಕಮ್ಮ ಅಂತ ಬರ್ಕೊಳ್ಳಿ. ಬೈಲಪ್ಪನ ಹಿರೀ ಸೊಸೆ. ಕಲ್ಲು ಇದ್ದಿದ್ದು ಆ ಹಳೇ ಬೋರ್‌ವೆಲ್ ದಾಟಿ, ಬಲಕ್ಕೆ ತಿರುಗಿದ್ರೆ, ನಮ್ಮ ಮನೆಗಿಂತ ಇನ್ನೂ..." ಎನ್ನುತ್ತಲೇ, ಯಾರು ಹಿಂದೆ ಬಂದರೆಂದೂ ನೋಡದೆ, ಗಲ್ಲಿಯೊಳಗೆ ನಡೆದುಬಿಟ್ಟಳು.