ಶಂಖುಮುಖಂ ದಂಡೆಯಲ್ಲಿ ಅವ್ವನ ಹರಟೆ

ಎಪ್ಪತ್ತರ ದಶಕದ ಮೊದಲಲ್ಲಿ ನಾನು ತಿರುವನಂತಪುರದ ಒಂದು ಸರ್ಕಾರಿ ಕಚೇರಿಯಲ್ಲಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಧಾರವಾಡದಿಂದ ಕರೆತಂದೆ. ಅಕ್ಕಪಕ್ಕದಲ್ಲಿ ಕನ್ನಡದವರು ಯಾರೂ ಇರಲಿಲ್ಲ. ಊರಲ್ಲಿ ದಿನವೆಲ್ಲ ಮಾತಾಡುತ್ತಿದ್ದ ಅವ್ವ ಇಲ್ಲಿ ಮೂಕಿಯ ಹಾಗಾದಳು. "ನನ್ನ ಊರಿಗೆ ಕಳಿಸಿಬಿಡಪಾ" ಎನ್ನುವುದೊಂದೇ ಮಾತು.

ಒಂದು ಭಾನುವಾರ ಸಂಜೆ ಅವಳನ್ನು ಶಂಖುಮುಖಂ ಕಡಲದಂಡೆಗೆ ಕರೆದೊಯ್ದೆ. ಅವ್ವ ಸಮುದ್ರ ಕಂಡದ್ದು ಅದೇ ಮೊದಲು. ಎಷ್ಟು ಕರೆದರೂ ನೀರಿನ ಹತ್ತಿರ ಬರಲೊಲ್ಲಳು. ಆಗ ಬಿಳಿ ಮುಂಡು ಉಟ್ಟ, ಅವಳದೇ ವಯಸ್ಸಿನ ಹೆಂಗಸೊಬ್ಬರು ಬಂದು "ವಾ, ಪೇಡಿಕ್ಕೇಂಡ" ಎಂದು ಕೈಹಿಡಿದರು. ಬಾ, ಹೆದರಬೇಡ ಎನ್ನುತ್ತಿದ್ದಾರೆಂದು ನಾನು ಅವ್ವನಿಗೆ ಹೇಳುವಷ್ಟರಲ್ಲಿ ಇಬ್ಬರೂ ಮೊಣಕಾಲುದ್ದ ನೀರಿನಲ್ಲಿದ್ದರು. ಅಲೆ ಬಡಿದಾಗ ಅವ್ವ ಚೀರಿದಳು, ಆಮೇಲೆ ನಕ್ಕಳು. ಅಪ್ಪ ಹೋದ ಮೇಲೆ ನಾನು ಆ ನಗು ಕೇಳಿರಲಿಲ್ಲ.

ಬಳಿಕ ಇಬ್ಬರೂ ಮರಳಲ್ಲಿ ಕೂತು, ಒಬ್ಬರು ಕನ್ನಡದಲ್ಲಿ, ಒಬ್ಬರು ಮಲಯಾಳದಲ್ಲಿ, ಕತ್ತಲಾಗುವವರೆಗೆ ಹರಟಿದರು. ಹೊರಡೋಣವೆಂದರೆ ಇಬ್ಬರೂ ಕೈಬೀಸಿ ನನ್ನನ್ನು ಸುಮ್ಮನಿರಿಸಿದರು.

ಬಸ್ಸಿನಲ್ಲಿ ಕೇಳಿದೆ: "ಏನಂದ್ರವ್ವಾ ಅವರು?"

"ಆಕಿ ಗಂಡನೂ ಹ್ವಾದ ವರ್ಷ ತೀರಿಕೊಂಡನಂತ. ಮಗಾನೂ ನಿನ್ನಂಗ, ಎಲ್ಲಾದಕ್ಕೂ ಗಡಿಬಿಡಿ ಮಾಡ್ತಾನಂತ. ಮುಂದಿನ ಐತವಾರ ಬಾ ಅಂದಾಳ."

"ನಿನಗ ಮಲಯಾಳ ಎಲ್ಲಿ ತಿಳೀತದ?"

"ಮಲಯಾಳ ಯಾಕ? ಆಕಿ ಛಲೋ ಕನ್ನಡಾನ ಮಾತಾಡಿದಳಲ್ಲ!"

ಅವ್ವ ಮತ್ತೆ ಊರಿನ ಮಾತೆತ್ತಲಿಲ್ಲ. ನನ್ನ ಪಾಡು ಹೇಳಬೇಕೆಂದರೆ, ಮೂರು ವರ್ಷ ಕಲಿತ ಮಲಯಾಳದಲ್ಲಿ ಚಹಾ ಕೇಳಿದರೂ ಹೋಟೆಲಿನವನು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ.